ಹೊಸ್ತಿಲಿಲ್ಲದ ಮನೆ ಹುಡುಕಿದ್ದು

ಬೀದಿಯಲ್ಲಿ ಮಲಗುವ ಅಂಗವಿಕಲರಿಗೆ ಬಾಡಿಗೆ ಮನೆ ಹುಡುಕಿಕೊಡುವುದು ನನ್ನ ಕೆಲಸವಾಗಿತ್ತು. ಬಾಡಿಗೆಯ ಹೆಚ್ಚಿನ ಪಾಲನ್ನು ಒಂದು ಸಂಸ್ಥೆ ಕೊಡುತ್ತಿತ್ತು, ಮಿಕ್ಕಿದ್ದನ್ನು ಅವರು ದುಡಿದು ಸೇರಿಸಬೇಕಿತ್ತು. ಈಗ ಅದೇ ಕೆಲಸಕ್ಕೆ ಹೊಸ ಹುಡುಗಿಯರು ಸೇರುತ್ತಿದ್ದಾರೆ. ಅವರಿಗೆ ಗೋಡೆಯ ಮೇಲೆ ಚಿತ್ರ ಬಿಟ್ಟು ತರಬೇತಿ ಕೊಡುತ್ತಾರೆ. ಒಂದು ದಿನ ನನ್ನನ್ನೂ ಕರೆದು ಕೂರಿಸಿದ್ದರು. ಚಿತ್ರದಲ್ಲಿ ಒಂದು ಮನೆ, ಮನೆಯ ಮುಂದೆ ವೀಲ್‌ಚೇರಿನಲ್ಲಿ ನಗುತ್ತಾ ಕೂತ ಹೆಂಗಸು. ಅವಳು ಆ ಮನೆಯ ಒಳಗೆ ಹೇಗೆ ಹೋಗುತ್ತಾಳೆ ಅನ್ನುವುದನ್ನು ಮಾತ್ರ ಚಿತ್ರ ತೋರಿಸಲಿಲ್ಲ. ಅದನ್ನು ಹೇಳುವುದಕ್ಕೆ ನಾನು ಕೂತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ. ಸಮಾಧಾನವಾಗಿ ಬರೆಯುವುದಕ್ಕೆ ನನಗೆ ಬರುವುದಿಲ್ಲ, ಮನಸ್ಸೂ ಇಲ್ಲ.

ಮೊದಲು ನಾನು ರಾತ್ರಿ ವಸತಿ ಕೇಂದ್ರದಲ್ಲಿ ಆಯಾ ಆಗಿದ್ದೆ. ನೆಲೆಯಿಲ್ಲದವರು ಬಂದು ಮಲಗುವ ಜಾಗ ಅದು. ಅದನ್ನು ನಡೆಸುತ್ತಿದ್ದುದೂ ಇದೇ ಸಂಸ್ಥೆ. ಕಸ ಹೊಡೆಯುವುದು, ದುಪ್ಪಟಿ ಒಗೆಯುವುದು, ಕುಡಿದು ಬಂದವರನ್ನು ಬೈದು ಮಲಗಿಸುವುದು ನನ್ನ ಪಾಲು. ಆಮೇಲೆ ಸಂಸ್ಥೆಯವರು ಬಾಡಿಗೆ ನೆರವು ಅಂತ ಹೊಸದು ಶುರುಮಾಡಿದಾಗ ಊರಿನ ಗಲ್ಲಿಗಳನ್ನು ನಡೆದು ಬಲ್ಲವರು ಬೇಕಾದರು. ಮೊದಲು ಸೇರಿದ ಹುಡುಗರು ಬಿಸಿಲಿಗೆ ತಾಳಲಿಲ್ಲ. ನನ್ನನ್ನು ಕರೆದರು. ಫೀಲ್ಡ್ ವರ್ಕರ್ ಅಂತ ಹೆಸರಾಯಿತು, ಚಪ್ಪಲಿ ಸವೆಯುವುದು ಹೆಚ್ಚಾಯಿತು, ಬೇರೆ ಏನೂ ಬದಲಾಗಲಿಲ್ಲ.

ಮೊದಮೊದಲು ನಾನು ಸುಳ್ಳು ಹೇಳಿಯೇ ಮನೆ ಹಿಡಿಯುತ್ತಿದ್ದೆ. ಒಬ್ಬ ಬ್ರೋಕರ್ ಹೇಳಿಕೊಟ್ಟ ದಾರಿ. ಬಾಡಿಗೆಗೆ ಬರುವವರು ಯಾರು ಅಂತ ಓನರ್ ಕೇಳಿದರೆ, ನಮ್ಮಣ್ಣನ ಮಗ, ಒಳ್ಳೆಯವನು, ಗಲಾಟೆಯಿಲ್ಲ ಅನ್ನುವುದು. ಅಡ್ವಾನ್ಸ್ ಕೊಟ್ಟು ಬೀಗದ ಕೈ ಇಸಿದುಕೊಂಡ ಮೇಲೆ ಮುಸ್ಸಂಜೆಗೆ ಆಸಾಮಿಯನ್ನು ಕರೆತಂದು ಒಳಗೆ ಬಿಡುವುದು. ಬೆಳಗಾದರೆ ಬಣ್ಣ ಬಯಲಾಗುತ್ತಿತ್ತು.

ಬಸವರಾಜು ಅಂತ ಒಬ್ಬರಿದ್ದರು, ಎರಡು ಕಣ್ಣೂ ಕಾಣದು. ಬಸ್ ಸ್ಟ್ಯಾಂಡಿನಲ್ಲಿ ಬಾಚಣಿಗೆ, ಪಿನ್ನು ಮಾರಿಕೊಂಡು ಅಲ್ಲೇ ಮಲಗುತ್ತಿದ್ದರು. ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ. ಎಲ್ಲಾದರೂ ಒಂದು ತಂಬಿಗೆ ನೀರು ಸಂಪಾದಿಸಿ ಲಿಂಗಪೂಜೆ ಮಾಡದೆ ಕಾಫಿ ಕೂಡ ಮುಟ್ಟುತ್ತಿರಲಿಲ್ಲ. ಅವರನ್ನು ಹೀಗೆಯೇ ಒಂದು ಮನೆಗೆ ಸೇರಿಸಿದೆ. ಮಾರನೆಯ ದಿನ ಓನರ್ ಸಾಮಾನು ಹೊರಗಿಟ್ಟ. ಕುರುಡ ಗ್ಯಾಸ್ ಹಚ್ಚಿ ಮನೆ ಸುಟ್ಟುಬಿಡುತ್ತಾನೆ ಅಂದ. ಬಸವರಾಜು ಗ್ಯಾಸ್ ಮುಟ್ಟಿದವರೇ ಅಲ್ಲ, ಮೆಸ್ಸಿನಲ್ಲಿ ಉಣ್ಣುತ್ತಿದ್ದರು. ನಾನು ಬೀದಿಯಲ್ಲಿ ನಿಂತು ಆ ಓನರ್‌ನ ವಂಶವನ್ನೆಲ್ಲ ಬೈಯುತ್ತಿದ್ದರೆ, ಬಸವರಾಜು ಚೀಲ ಹೆಗಲಿಗೆ ಹಾಕಿಕೊಂಡು ಅಂದರು:

“ಬುಡಕ್ಕ. ಕರೆಂಟ್ ಬಿಲ್ ಉಳೀತದೆ ಅಂತ ಮೊದ್ಲೇ ಹೇಳಿದ್ರೆ ಅವ್ನೇ ಕರ್ದು ಕೂರಿಸ್ಕೊಳ್ಳೋನು.”

ಅವರು ಅಂದದ್ದು ತಮಾಷೆಗೆ. ನಾನು ಅದನ್ನೇ ಹಿಡಿದುಕೊಂಡೆ. ಎರಡು ಮನೆಗೆ ಒಂದೇ ಮೀಟರ್ ಇರುವ ಕಡೆ ಓನರ್‌ಗೂ ಬಾಡಿಗೆದಾರರಿಗೂ ಬಿಲ್ಲಿನ ಜಗಳ ಇದ್ದೇ ಇರುತ್ತದೆ. ಅಂಥ ಮನೆಯೊಂದನ್ನು ಹುಡುಕಿ, ಈ ಮನುಷ್ಯನಿಗೆ ಕಣ್ಣು ಕಾಣುವುದಿಲ್ಲ, ಲೈಟೇ ಹಾಕುವುದಿಲ್ಲ ಅಂತ ಮೊದಲೇ ಹೇಳಿದೆ. ಓನರ್ ಕುಣಿದುಕೊಂಡು ಒಪ್ಪಿದ. ಬಸವರಾಜು ಈಗಲೂ ಅಲ್ಲೇ ಇದ್ದಾರೆ. ಅವತ್ತಿಂದ ಸುಳ್ಳು ಬಿಟ್ಟೆ. ಕರುಣೆ ತೋರಿಸಿ ಅಂತ ಬೇಡುವುದನ್ನೂ ಬಿಟ್ಟೆ. ಓನರ್‌ಗೆ ಏನು ಲಾಭ ಅನ್ನುವುದನ್ನು ಮೊದಲು ಯೋಚಿಸಿ. ಕರುಣೆಯ ಮೇಲೆ ಸಿಕ್ಕಿದ ಮನೆ ಹಬ್ಬಕ್ಕೆ ನೆಂಟರು ಬಂದರೆ ಕೈಬಿಟ್ಟುಹೋಗುತ್ತದೆ.

ಓನರ್‌ಗಳ ಮೇಲೆ ನನಗಿರುವುದು ಸಣ್ಣ ಸಿಟ್ಟು. ದೊಡ್ಡ ಸಿಟ್ಟು ನಮ್ಮ ಸಂಸ್ಥೆಯ ಮೇಲೆ. ಅದರ ನಿಯಮ ಹೀಗಿತ್ತು: ವಸತಿ ಕೇಂದ್ರದಲ್ಲಿ ಆರು ತಿಂಗಳು ಇದ್ದು ಸರಿಯಾಗಿ ನಡೆದುಕೊಂಡವರಿಗೆ ಮಾತ್ರ ಬಾಡಿಗೆ ನೆರವು. ಕೇಂದ್ರ ಇದ್ದದ್ದು ಮಹಡಿಯ ಮೇಲೆ. ಕಕ್ಕಸು ಕುಕ್ಕರುಗಾಲಲ್ಲಿ ಕೂರುವಂಥದ್ದು, ನೆಲ ಜಾರುತ್ತಿತ್ತು. ಬಾಗಿಲಲ್ಲೊಂದು ಬೋರ್ಡು, ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರಿಗೆ ಮಾತ್ರ ಪ್ರವೇಶ ಅಂತ. ಕಾಲಿಲ್ಲದವರು ಮೆಟ್ಟಿಲು ಹತ್ತಲಾರರು, ಹತ್ತಿಸಿದರೂ ಕಕ್ಕಸಿಗೆ ಹೋಗಲಾರರು, ಆದ್ದರಿಂದ ಕೇಂದ್ರಕ್ಕೆ ಸೇರಿಸುವುದಿಲ್ಲ. ಕೇಂದ್ರದಲ್ಲಿ ಇರಲಿಲ್ಲ, ಆದ್ದರಿಂದ ಬಾಡಿಗೆ ನೆರವಿಲ್ಲ. ಅಂಗವಿಕಲರಿಗೆ ಅಂತ ಹೆಸರಿಟ್ಟ ನೆರವು ಸಿಗುತ್ತಿದ್ದುದು ಮಹಡಿ ಹತ್ತಬಲ್ಲ ಅಂಗವಿಕಲರಿಗೆ. ಇದನ್ನು ಮಾಡಿದವರು ದಡ್ಡರಲ್ಲ, ದೊಡ್ಡದೊಡ್ಡದು ಓದಿಕೊಂಡವರು. ಕೂತು, ಟೀ ಕುಡಿದು, ಯೋಚನೆ ಮಾಡಿಯೇ ಮಾಡಿದ್ದು.

ನನ್ನ ಮೇಲಿದ್ದವರು ಒಬ್ಬ ಮೇಡಂ. ವಯಸ್ಸಿನಲ್ಲಿ ನನ್ನ ಮಗಳಷ್ಟು. ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ಯಾಕೆಂದರೆ ಅವರಿಗೆ ಸಿಟ್ಟೇ ಬರುತ್ತಿರಲಿಲ್ಲ. ನಾನು ಈ ನಿಯಮದ ಬಗ್ಗೆ ಕೂಗಾಡಿದಾಗಲೆಲ್ಲ, ಸಮಿತಿಗೆ ಬರೆದಿದ್ದೇನೆ ನಿಂಗಮ್ಮ ಅನ್ನುವರು. ಸಮಿತಿ ಅಂದರೆ ಸಂಸ್ಥೆಯ ಯಜಮಾನರ ಗುಂಪು. ತಿಂಗಳಿಗೊಮ್ಮೆ ಸೇರುತ್ತಿತ್ತು, ಬಹಳ ಜನ ಊರಲ್ಲಿದ್ದರೆ.

ಇಂಥ ಹೊತ್ತಿನಲ್ಲಿ ಸಾಕಮ್ಮ ಸಿಕ್ಕಿದಳು.

ಆಸ್ಪತ್ರೆಯ ಕಾಂಪೌಂಡಿನ ಹೊರಗೆ ಗೋಣಿತಟ್ಟಿನ ಮೇಲೆ ಕೂತಿದ್ದಳು. ಹೆಚ್ಚುಕಡಿಮೆ ನನ್ನ ವಾರಿಗೆ. ಸಕ್ಕರೆ ಕಾಯಿಲೆಗೆ ಬಲಗಾಲು ಮಂಡಿಯ ಹತ್ತಿರಕ್ಕೆ ಹೋಗಿತ್ತು. ಮೊದಲು ಬಾಡಿಗೆ ಕೋಣೆಯಲ್ಲಿದ್ದುಕೊಂಡು ಊದುಬತ್ತಿ ಹೊಸೆಯುತ್ತಿದ್ದವಳು. ಕಾಲು ಕತ್ತರಿಸಿಕೊಂಡು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಓನರ್ ಕೋಣೆಯನ್ನು ಬೇರೆಯವರಿಗೆ ಕೊಟ್ಟಿದ್ದ. ಪಾತ್ರೆಪಗಡೆ ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ಯಾವುದೋ ಕ್ಯಾಂಪಿನಲ್ಲಿ ಕೊಟ್ಟ ವೀಲ್‌ಚೇರು ಫುಟ್‌ಪಾತಿನಿಂದ ಕಳುವಾಯಿತು. ಈಗ ಎಡಗಾಲಿನ ಪಾದದಲ್ಲಿ ಹುಣ್ಣು. ಆ ಕಾಲನ್ನು ಊರುವಂತಿಲ್ಲ. ಎರಡು ಕೈ ನೆಲಕ್ಕೆ ಕೊಟ್ಟು, ಕೂತಲ್ಲಿಂದಲೇ ತೆವಳಿಕೊಂಡು ಮುಂದೆ ಹೋಗುವಳು. ಪಾದಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡಿದ್ದಳು.

ಡಾಕ್ಟರು ನನ್ನೆದುರಿಗೇ ಹೇಳಿದರು. ಹುಣ್ಣಿಗೆ ನೀರು, ಮಣ್ಣು ತಾಗಬಾರದು. ಕಾಲು ಮೇಲಿಟ್ಟುಕೊಂಡು ಕೂರಬೇಕು. ಇನ್ಸುಲಿನ್ ತಣ್ಣಗಿರಬೇಕು. ಮಳೆ ಹಿಡಿಯುವ ಮೊದಲು ಒಣಗಿದ ಜಾಗ ಸಿಕ್ಕರೆ ಈ ಕಾಲು ಉಳಿಯುತ್ತದೆ, ಇಲ್ಲದಿದ್ದರೆ ಇದನ್ನೂ ತೆಗೆಯಬೇಕಾಗುತ್ತದೆ. ಅವರು ಒಳ್ಳೆಯ ಡಾಕ್ಟರು. ಆದರೆ ಮನೆಯನ್ನು ಚೀಟಿಯಲ್ಲಿ ಬರೆದುಕೊಡುವುದಕ್ಕೆ ಅವರಿಗೂ ಬರುತ್ತಿರಲಿಲ್ಲ. ಸಾಕಮ್ಮನಿಗೆ ಅದು ಪೂರ್ತಿ ಅರ್ಥವಾಗಿತ್ತು. ಒಂದು ಕಾಲಿದ್ದರೆ ಕಟ್ಟುಗಾಲು ಹಾಕಿಕೊಂಡು ಎದ್ದು ನಿಲ್ಲಬಹುದು, ಎರಡೂ ಹೋದರೆ ಜನ್ಮವೆಲ್ಲ ನೆಲದ ಮೇಲೆ ಅಂತ ಲೆಕ್ಕ ಹಾಕಿಕೊಂಡಿದ್ದಳು. ನನ್ನ ಹತ್ತಿರ ಅಳಲಿಲ್ಲ. ಮನೆ ಕೊಡಿಸುವ ಹಾಗಿದ್ದರೆ ಕೊಡಿಸು, ಬರಿ ಮಾತಾಡಿಸಿ ಹೋಗುವವಳಾದರೆ ಈಗಲೇ ಎದ್ದು ಹೋಗು ಅಂದಳು.

ಮೇಡಂಗೆ ಹೇಳಿದೆ. ಈಕೆ ವಸತಿ ಕೇಂದ್ರದಲ್ಲಿ ಇದ್ದವಳಲ್ಲವಲ್ಲ ಅಂದರು. ಇರುವುದಕ್ಕೆ ನೀವು ಬಿಟ್ಟರೆ ತಾನೆ ಅಂದೆ. ಆಮೇಲೆ, ನೀನು ಮನೆ ನೋಡಿರು, ಸಮಿತಿಯ ಹತ್ತಿರ ನಾನು ಮಾತಾಡುತ್ತೇನೆ ಅಂದರು. ನಾನು ಬೀದಿಗಿಳಿದೆ.

ಊರಂಚಿನ ಕೆಸರೆಯಲ್ಲಿ ಒಂದು ಮನೆ ಸಿಕ್ಕಿತು. ನೆಲಮಟ್ಟ, ಒಂದೇ ಕೋಣೆ, ಒಳಗೇ ಕಕ್ಕಸು. ಓನರ್ ಸರೋಜಮ್ಮ ಪಕ್ಕದ ಮನೆಯಲ್ಲೇ ಇರುವವರು. ಇದ್ದದ್ದು ಇದ್ದಂತೆ ಹೇಳಿದೆ. ಒಂದು ಕಾಲಿಲ್ಲ, ಊದುಬತ್ತಿ ಹೊಸೆದು ಬದುಕುತ್ತಾಳೆ, ಯಾವಾಗಲೂ ಮನೆಯಲ್ಲೇ ಇರುತ್ತಾಳೆ, ನೀವು ಬೀಗ ಹಾಕಿ ಊರಿಗೆ ಹೋದರೆ ಕಾವಲು ಅಂದೆ. ಕಾವಲಿನ ಮಾತು ಸರೋಜಮ್ಮನಿಗೆ ಹಿಡಿಸಿತು. ಕರೆದುಕೊಂಡು ಬಾ ಅಂದರು.

ಆಟೋದಲ್ಲಿ ಕರೆದುಕೊಂಡು ಹೋದೆ. ಆ ಮನೆಯ ಹೊಸ್ತಿಲು ಗೇಣೆತ್ತರ. ಮರದ್ದು. ಅರಿಶಿನ ಬಳಿದು, ಕುಂಕುಮ ಇಟ್ಟು, ಮುಂದೆ ರಂಗೋಲಿ. ಸಾಕಮ್ಮ ತೆವಳಿಕೊಂಡು ಬಾಗಿಲಿಗೆ ಬಂದಳು. ಎರಡು ಕೈಯನ್ನೂ ಹೊಸ್ತಿಲ ಮೇಲೆ ಊರಿ, ಮೈ ಎತ್ತಿ, ಅದರ ಮೇಲೆ ಕೂತಳು. ಆಮೇಲೆ ಕಾಲನ್ನು ಒಳಗೆ ತಿರುಗಿಸಬೇಕು. ಹಾಗಲ್ಲದೆ ಬೇರೆ ಹೇಗೂ ಅವಳು ಒಳಗೆ ಹೋಗುವಂತಿರಲಿಲ್ಲ. ಸರೋಜಮ್ಮ ಓಡಿಬಂದರು.

“ಏಳಮ್ಮ, ಏಳು ಮೊದ್ಲು. ಹೊಸಲ ಮೇಲೆ ಕೂತ್ಕೊತಾರಾ ಯಾರಾದ್ರೂ?”

“ಏಳೋ ಹಂಗಿದ್ರೆ ಯಾಕ್ ಕೂರ್ತಿದ್ದೆ ಕಣವ್ವ,” ಅಂದಳು ಸಾಕಮ್ಮ, ಹೊಸ್ತಿಲ ಮೇಲೆ ಕೂತುಕೊಂಡೇ.

ನೀವು ಹೊಸಬರು ಇಲ್ಲಿ ಸರೋಜಮ್ಮನನ್ನು ಕಂಡು ನಗಬೇಡಿ. ಹೊಸ್ತಿಲ ಮೇಲೆ ಕೂತರೆ ಮನೆಗೆ ದರಿದ್ರ ಅಂತ ನಾನೂ ನಂಬಿ ಬೆಳೆದವಳು. ನನ್ನ ಮನೆಯಲ್ಲಿ ಮೊಮ್ಮಗಳು ಅಲ್ಲಿ ಕೂತರೆ ಬೆನ್ನಿಗೆ ಒಂದು ಬಿಡುತ್ತಿದ್ದೆ. ಮನೆ ನೋಡಲು ಹೋದಾಗ ಆ ಹೊಸ್ತಿಲನ್ನು ನಾನು ದಾಟಿಯೇ ಒಳಗೆ ಹೋಗಿ ಬಂದಿದ್ದೆ. ಕಕ್ಕಸು ನೋಡಿದೆ, ನಲ್ಲಿ ತಿರುಗಿಸಿದೆ, ಕಿಟಕಿ ತಳ್ಳಿ ನೋಡಿದೆ. ಹೊಸ್ತಿಲು ಕಣ್ಣಿಗೆ ಬೀಳಲೇ ಇಲ್ಲ. ಕಾಲಿದ್ದವರಿಗೆ ಅದು ಬೀಳುವುದಿಲ್ಲ.

ಮಾರನೆಯ ದಿನ ನಾನು ಸಾಕಮ್ಮನನ್ನು ಮತ್ತೆ ಕರೆತಂದೆ, ಮೇಡಂ ತಾವೇ ಒಂದು ಇಳಿಜಾರು ಹಲಗೆ ಮಾಡಿಸಿಕೊಂಡು ಬಂದರು, ಹೊಸ್ತಿಲ ಮೇಲಿಂದ ಹಾಯಿಸಿ ಇಡುವುದಕ್ಕೆ. ಸರೋಜಮ್ಮ ಹಲಗೆಯನ್ನು ನೋಡಿದರು, ಮೇಡಂ ಮುಖ ನೋಡಿದರು. ದಿನಾ ಪೂಜೆ ಮಾಡುವ ಹೊಸ್ತಿಲನ್ನು ಹಲಗೆ ಹಾಕಿ ಮುಚ್ಚಿದರೆ ಶುಕ್ರವಾರ ಅರಿಶಿನ ಹಚ್ಚುವುದು ನಿಮ್ಮ ಹಲಗೆಗೋ ಅಂತ ಕೇಳಿದರು. ಮೇಡಂ ಹಲಗೆಯನ್ನು ಎತ್ತಿ ಪಕ್ಕಕ್ಕಿಟ್ಟರು. ಕೊನೆಗೆ ಸರೋಜಮ್ಮನೇ ಒಂದು ದಾರಿ ಹೇಳಿದರು. ಹಿಂದೆ ಕಕ್ಕಸಿನ ಪಕ್ಕ ಒಂದು ಬಾಗಿಲಿದೆ, ಅದಕ್ಕೆ ಹೊಸ್ತಿಲಿಲ್ಲ, ಅಲ್ಲಿಂದ ಓಡಾಡಿಕೊಳ್ಳಲಿ ಅಂತ.

ನನಗೆ ಜೀವ ಬಂತು. ಸಾಕಮ್ಮ ಒಪ್ಪಲಿಲ್ಲ.

“ಕಕ್ಕಸು ತೊಳೆಯೋರು ಬರೋ ಬಾಗ್ಲಲ್ಲಿ ನಮ್ಮವ್ವ ಜೀವ ಸವೆಸಿದ್ಲು. ಬಾಡಿಗೆ ಕೊಟ್ಟು ನಾನ್ ಅಲ್ಲಿಂದ ಹೋಗಲ್ಲ.”

ಆಟೋದಲ್ಲಿ ವಾಪಸ್ ಬರುವಾಗ ಅವಳನ್ನು ಬಾಯಿಗೆ ಬಂದಂತೆ ಬೈದೆ. ಕಾಲು ಹೋಗುತ್ತಿರುವಾಗ ಮರ್ಯಾದೆ ಕಟ್ಟಿಕೊಂಡು ಏನು ಮಾಡುತ್ತೀಯ, ಒಳಗೆ ಹೋಗುವುದು ಮುಖ್ಯವೋ ಯಾವ ಬಾಗಿಲೋ ಅಂದೆ. ಡ್ರೈವರ್ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ನಮ್ಮ ಕೆಲಸದಲ್ಲಿ ಇದೊಂದು ರೋಗವಿದೆ. ಕೊಡುವವರು ನಾವು, ಯಾವುದು ಸಿಕ್ಕಿದರೂ ತೆಗೆದುಕೊಳ್ಳಬೇಕು ಅನ್ನುವ ರೋಗ. ನಿಮಗೂ ಬರುತ್ತದೆ. ಬಂದಾಗ ಬಾಯಿ ಮುಚ್ಚಿಕೊಳ್ಳಿ.

ಅಲ್ಲಿಂದ ನಾನು ತಲೆ ಬಗ್ಗಿಸಿಕೊಂಡು ಊರು ಸುತ್ತಿದೆ. ಗೋಡೆ ನೋಡಲಿಲ್ಲ, ತಾರಸಿ ನೋಡಲಿಲ್ಲ, ಬರಿ ಹೊಸ್ತಿಲು ನೋಡಿದೆ. ಹಳೆ ಮನೆಗಳಲ್ಲಿ ಮರದ್ದು, ಎತ್ತರ. ಹೊಸ ಮನೆಗಳಲ್ಲಿ ಕಲ್ಲಿನದು, ತಗ್ಗು, ಆದರೂ ಇದ್ದೇ ಇದೆ. ಹೊಸ್ತಿಲೇ ಇಲ್ಲದ ಅಪಾರ್ಟ್‌ಮೆಂಟುಗಳಲ್ಲಿ ಪೂಜೆಗೆ ಅಂತ ಮರದ ಪಟ್ಟಿ ಹೊಡೆಸಿಕೊಂಡಿದ್ದಾರೆ. ನೆಲಮಟ್ಟದ ಮನೆ ಅಂದರೆ ಬಾಡಿಗೆಯೂ ಜಾಸ್ತಿ. ನಮ್ಮ ಸಂಸ್ಥೆ ಕೊಡುತ್ತಿದ್ದ ಬಾಡಿಗೆಗೆ ಸಿಗುತ್ತಿದ್ದುದು ಮಹಡಿಯ ಮೇಲಿನ ಶೀಟ್ ಮನೆಗಳು. ಕಾಲಿಲ್ಲದವರಿಗೆ ಕೊಡುವ ಬಾಡಿಗೆಯನ್ನು ಎರಡು ಕಾಲಿದ್ದವರ ಲೆಕ್ಕದಲ್ಲಿ ನಿಗದಿ ಮಾಡಿದ್ದರು. ಸಾಕಮ್ಮನನ್ನು ನನ್ನ ಮನೆಗೇ ಕರೆದುಕೊಂಡು ಹೋಗಬಹುದಿತ್ತು ಅಂತ ನಿಮಗೆ ಅನ್ನಿಸಬಹುದು. ನನ್ನದು ಮೂರನೇ ಮಹಡಿ.

ರಾಜೀವನಗರದಲ್ಲಿ ಒಂದು ದಿನ ನೀರು ಕುಡಿಯಲು ನಿಂತಾಗ ಕಣ್ಣಿಗೆ ಬಿತ್ತು. ಮಳಿಗೆ. ಅಂಗಡಿಗೆ ಅಂತ ಕಟ್ಟಿದ ಕೋಣೆ. ರಸ್ತೆಯಿಂದ ಒಂದೇ ಮಟ್ಟ, ಹೊಸ್ತಿಲಿಲ್ಲ, ಮುಂದೆ ಶಟರ್. ಹಿಂದಿನ ಓಣಿಯಲ್ಲಿ ಅದೇ ಮಟ್ಟಕ್ಕೆ ಕಕ್ಕಸು, ನಲ್ಲಿ. ಓನರ್ ಅನ್ವರ್ ಸಾಬ್. ಚರಂಡಿ ಕೆಲಸಕ್ಕೆ ಅಂತ ರಸ್ತೆ ಅಗೆದು ಬಿಟ್ಟದ್ದರಿಂದ ವ್ಯಾಪಾರದವರು ಬರದೆ ಮಳಿಗೆ ಖಾಲಿ ಬಿದ್ದಿತ್ತು. ನಾನು ಹೊಸ್ತಿಲಿನ ಕಥೆ ಹೇಳಿದೆ. ಅವರು ಗಡ್ಡ ಕೆರೆದುಕೊಂಡು ಅಂದರು, “ಕತೆ ಚೆನ್ನಾಗದೆ ಅಮ್ಮ. ಬಾಡಿಗೆ ಯಾರು ಕೊಡ್ತಾರೆ?” ಸಂಸ್ಥೆ ಕೊಡುತ್ತದೆ, ತಿಂಗಳು ತಿಂಗಳು ತಪ್ಪುವುದಿಲ್ಲ ಅಂದೆ. ಖಾಲಿ ಬಿದ್ದಿರುವುದಕ್ಕಿಂತ ಆಗಬಹುದು ಅಂದರು. ಇಂಥವರೇ ನಮಗೆ ಬೇಕಾದ ಓನರ್‌ಗಳು.

ಮಳಿಗೆ ಅಂದ ಕೂಡಲೇ ಆಫೀಸಿನಲ್ಲಿ ಗಲಾಟೆ. ನೆರವು ಇರುವುದು ಮನೆಗೆ, ಅಂಗಡಿಗಲ್ಲ ಅಂದರು ಲೆಕ್ಕದವರು. ಒಳಗೆ ಮಲಗಿದರೆ ಮನೆ, ಮಲಗದಿದ್ದರೆ ಅಂಗಡಿ, ಇಷ್ಟೂ ತಿಳಿಯುವುದಿಲ್ಲವೇ ಅಂತ ನಾನು ಮೇಜು ಗುದ್ದಿದೆ. ಮೇಡಂ ಮಾತ್ರ ಬೇರೆ ಕೇಳಿದರು.

“ನಿಂಗಮ್ಮ, ಆ ಶಟರ್‌ನ ಅವರು ಒಳಗಿಂದ ಹೇಗೆ ಎತ್ತುತ್ತಾರೆ?”

“ನಿಮಗೆ ಕಾರಿನ ಬಾಗ್ಲು ತೆಗ್ಯೋಕೂ ಡ್ರೈವರ್ ಬೇಕು. ಶಟರ್ ಮಾತು ನಿಮಗ್ಯಾಕೆ,” ಅಂದೆ.

ಎಲ್ಲರೂ ತಲೆ ತಗ್ಗಿಸಿದರು. ಮೇಡಂ ಸಮಿತಿಗೆ ಬರೆದು ಒಂದು ತಿಂಗಳ ಮಟ್ಟಿಗೆ, ವಿಶೇಷ ಪ್ರಕರಣ ಅಂತ ಒಪ್ಪಿಗೆ ತಂದರು. ಆಗ ಮುಂಗಾರಿನ ಮೋಡ ಕಟ್ಟಿತ್ತು, ಹನಿ ಇನ್ನೂ ಬಿದ್ದಿರಲಿಲ್ಲ.

ಸಾಕಮ್ಮ ಮಳಿಗೆಯ ಒಳಕ್ಕೆ ಸಲೀಸಾಗಿ ತೆವಳಿಕೊಂಡು ಹೋದಳು. ಮುಂದಿನ ಬಾಗಿಲಿನಿಂದಲೇ. ಮಂಚ ಹಾಕಿದೆವು, ಕಕ್ಕಸಿಗೆ ತೂತು ಕುರ್ಚಿ ಇಟ್ಟೆವು, ಇನ್ಸುಲಿನ್ನಿಗೆ ಮಣ್ಣಿನ ಮಡಕೆ. ಕೊಕ್ಕೆ ಹಾಕಿ ಶಟರ್ ಎಳೆದರೆ ಇಳಿಯಿತು. ಎಲ್ಲ ಸರಿಹೋಯಿತು ಅಂದುಕೊಂಡು ಮನೆಗೆ ಬಂದೆ.

ಬೆಳಿಗ್ಗೆ ಡ್ರೆಸ್ಸಿಂಗಿಗೆ ಕರೆದುಕೊಂಡು ಹೋಗಲು ಬಂದರೆ ಶಟರ್ ಮುಂದೆ ಜನ. ಒಳಗಿಂದ ತಟ್ಟೆ ಬಡಿಯುವ ಸದ್ದು. ತುಕ್ಕು ಹಿಡಿದ ಶಟರ್ ಅದು. ಎಳೆದರೆ ಇಳಿಯುತ್ತದೆ, ಎತ್ತುವುದಕ್ಕೆ ನಿಂತು ಸೊಂಟ ಕೊಡಬೇಕು. ಕೂತವಳ ಕೈಗೆ ಅದು ಜಗ್ಗಲೇ ಇಲ್ಲ. ಒಳಗೆ ಚಿಲಕವಿಲ್ಲದ ಓಣಿ ಕಡೆಯ ಬಾಗಿಲನ್ನು, ಕಕ್ಕಸು ಅತ್ತಲೇ ಇದೆ ಅನ್ನುವುದನ್ನೂ ಮರೆತು, ಕಳ್ಳರ ಭಯಕ್ಕೆ ಹೊರಗಿಂದ ಬೀಗ ಹಾಕಿಕೊಂಡು ಬಂದವಳು ನಾನೇ. ಗಂಡಸರು ಸೇರಿ ಶಟರ್ ಎತ್ತಿದರು. ಸಾಕಮ್ಮ ಬೆವರಿ ನೀರಾಗಿದ್ದಳು. ಸೀರೆಯಲ್ಲೇ ಒಂದಕ್ಕೆ ಆಗಿತ್ತು. ನನ್ನನ್ನು ನೋಡಿ ಮುಖ ಆ ಕಡೆ ತಿರುಗಿಸಿದಳು. ಮೇಡಂ ಕೇಳಿದ್ದ ಪ್ರಶ್ನೆ ಅದೇ. ಕೇಳಿದವರು ಯಾರು ಅಂತ ನೋಡಿ ಕೂಗಾಡಿದೆ, ಏನು ಕೇಳಿದರು ಅಂತ ನೋಡಲಿಲ್ಲ.

ಅನ್ವರ್ ಸಾಬ್ ಹೆದರಿಹೋದರು. ಬೆಂಕಿಗಿಂಕಿ ಬಿದ್ದರೆ ಮುದುಕಿ ಒಳಗೇ ಬೆಂದುಹೋಗುತ್ತಾಳೆ, ಜೈಲಿಗೆ ಹೋಗುವವನು ನಾನು ಅಂದರು. ಶಟರ್ ತೆಗೆದು ಕೂತವರಿಗೆ ಎಟುಕುವ ತಗಡಿನ ಬಾಗಿಲು ಹಾಕಿಸಿ, ಬಿಟ್ಟು ಹೋಗುವಾಗ ಶಟರ್ ವಾಪಸ್ ಹಾಕಿಕೊಡುತ್ತೇವೆ ಅಂತ ನಿಮ್ಮ ದೊಡ್ಡವರು ಸಹಿ ಹಾಕಿಕೊಡಲಿ, ಅಲ್ಲಿಯವರೆಗೆ ಬೇಡ ಅಂದರು. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ವೆಲ್ಡಿಂಗಿನವನನ್ನು ನಾನು ಅವತ್ತೇ ಒಪ್ಪಿಸಿದೆ. ಬೇಕಾಗಿದ್ದುದು ಒಂದು ಸಹಿ.

ಈಗ ಕೇಳಿ, ಆ ಸಹಿ ಏನಾಯಿತು ಅಂತ.

ಬಾಡಿಗೆ ನೆರವು ಅಂದರೆ ಬಾಡಿಗೆಗೆ ಮಾತ್ರ, ಬಾಗಿಲಿಗೆ ನಿಯಮದಲ್ಲಿ ಜಾಗವಿಲ್ಲ ಅಂದರು ಲೆಕ್ಕದವರು. ಜಾಗ ಮಾಡಿಕೊಡಿ ಅಂತ ಮೇಡಂ ಬರೆದರು. ಆ ತಿಂಗಳು ಸಮಿತಿ ಮತ್ತೆ ಸೇರಲಿಲ್ಲ, ಊರಲ್ಲಿದ್ದವರು ಕಡಿಮೆ. ಮುಂದಿನ ತಿಂಗಳು ಆಷಾಢ. ಆಷಾಢದಲ್ಲಿ ಮನೆ ಸೇರಿಸುವ ಮಾತು ಯಾಕೆ, ಶ್ರಾವಣ ಬರಲಿ ಅಂದರಂತೆ ಒಬ್ಬರು. ಇನ್ನೊಬ್ಬರು ತಲೆದೂಗಿದರಂತೆ. ಅದೇ ಶುಕ್ರವಾರ ಆಷಾಢದ ಮಾತಾಡಿದವರ ಮನೆಯವರೆಲ್ಲ ಚಾಮುಂಡಿ ಬೆಟ್ಟಕ್ಕೆ ಹೋಗಿ ತಾಯಿಯ ದರ್ಶನ ಮಾಡಿ ಪ್ರಸಾದ ತಂದು ಆಫೀಸಿಗೆಲ್ಲ ಹಂಚಿದರು. ನನಗೂ ಕೊಟ್ಟರು. ಚಾಮುಂಡಿಯನ್ನು ನಂಬಿದವಳು ನಾನು, ಎಸೆಯಲಾರದೆ ಸೆರಗಿಗೆ ಕಟ್ಟಿಕೊಂಡೆ, ತಿನ್ನಲಿಲ್ಲ.

ಸಾಕಮ್ಮ ಕಾಂಪೌಂಡಿನ ಹೊರಗೆ ಮಳೆಯಲ್ಲಿದ್ದಳು. ಟಾರ್ಪಾಲು ಕಟ್ಟಿಕೊಟ್ಟೆ, ಕೆಳಗಿಂದ ನೀರು ಬಂತು. ಇಟ್ಟಿಗೆ ಜೋಡಿಸಿ ಹಲಗೆ ಹಾಕಿದೆ, ಅವಳಿಗೆ ಹತ್ತಲಾಗಲಿಲ್ಲ. ದಿನಾ ಹೋಗಿ ಪಾದದ ಬಟ್ಟೆ ಬಿಚ್ಚಿ ನೋಡುವಾಗ ನಾಳೆ ಆಗುತ್ತದೆ, ನಾಡಿದ್ದು ಆಗುತ್ತದೆ ಅನ್ನುತ್ತಿದ್ದೆ. ಒಂದು ದಿನ ಅವಳೇ ಅಂದಳು, ನಿಂಗಮ್ಮ, ನೀನು ಹಾಗೆಲ್ಲ ಹೇಳಬೇಡ, ಸುಮ್ಮನೆ ಬಟ್ಟೆ ಕಟ್ಟು ಅಂತ. ಬೆರಳು ಕಪ್ಪಾಯಿತು. ಡಾಕ್ಟರು ನೋಡಿ ನನ್ನನ್ನು ಪಕ್ಕಕ್ಕೆ ಕರೆದರು. ಪಕ್ಕಕ್ಕೆ ಕರೆಯುವುದು ಬೇಡ, ಕಾಲು ಅವಳದು, ಅವಳಿಗೇ ಹೇಳಿ ಅಂದೆ. ಹೇಳಿದರು. ಸಾಕಮ್ಮ ಕೇಳಿದ್ದು ಒಂದೇ, ಎಲ್ಲಿಯ ತನಕ ತೆಗೆಯುತ್ತೀರಿ ಅಂತ.

ಮಂಡಿಯ ಮೇಲಿನ ತನಕ ತೆಗೆದರು.

ಶ್ರಾವಣ ಬಂತು, ಸಮಿತಿ ಸೇರಿತು, ಸಹಿ ಬಿತ್ತು. ಆ ಹಾಳೆ ನನ್ನ ಕೈಗೆ ಬಂದಾಗ ಸಾಕಮ್ಮ ವಾರ್ಡಿನಲ್ಲಿದ್ದಳು. ಆಪರೇಷನ್ ಆಗಿ ಇನ್ನೂ ಹೊಲಿಗೆ ಬಿಚ್ಚಿರಲಿಲ್ಲ. ಮೇಡಂ ವಾರ್ಡಿಗೆ ಬಂದು ಮಂಚದ ಕಾಲ ಬುಡದಲ್ಲಿ ನಿಂತರು. ಅಲ್ಲಿ ಹೊದಿಕೆ ಚಪ್ಪಟೆಯಾಗಿತ್ತು. ಹೊರಗೆ ಬಂದ ಮೇಲೆ ಅಂದರು:

“ನಾನು ಬರೆದಿದ್ದೆ ನಿಂಗಮ್ಮ. ಅವರು ಓದಲಿಲ್ಲ.”

“ಬರೆದ್ರಿ. ಹೋಗಿ ಬಾಗ್ಲು ಬಡೀಲಿಲ್ಲ. ನಾನು ಬರೀ ಬಾಗ್ಲು ಬಡ್ದೆ. ನೀವು ಕೇಳಿದ್ದನ್ನ ಕೇಳಿಸ್ಕೊಳ್ಳಲಿಲ್ಲ.”

ಮೇಡಂಗೆ ಮೊದಲ ಸಲ ಸಿಟ್ಟು ಬಂದದ್ದು ಅವತ್ತು. ಮಾರನೆಯ ದಿನ ಸಮಿತಿಯವರನ್ನು ಒಬ್ಬೊಬ್ಬರಾಗಿ ಮನೆಯಿಂದ ಎಬ್ಬಿಸಿಕೊಂಡು ಬಂದು ವಾರ್ಡಿನಲ್ಲಿ ನಿಲ್ಲಿಸಿದರು. ಬೈಯಲಿಲ್ಲ. ಈಕೆಗೆ ನಿಮ್ಮ ವಸತಿ ಕೇಂದ್ರದ ಮೆಟ್ಟಿಲು ಹತ್ತುವುದು ಹೇಗೆ ಅಂತ ನೀವೇ ಹೇಳಿಕೊಡಿ ಅಂದರು. ಆಷಾಢದ ಮಾತಾಡಿದವರು ಕಣ್ಣೊರೆಸಿಕೊಂಡರು. ಸಾಕಮ್ಮ ಅವರ ಕಡೆ ನೋಡಲಿಲ್ಲ. ನರ್ಸನ್ನು ಕರೆದು ನೀರು ಕೇಳಿದಳು.

ಆಮೇಲೆ ನಿಯಮ ಬದಲಾಯಿತು. ಈಗ ವಸತಿ ಕೇಂದ್ರದಲ್ಲಿ ಇರಬೇಕಾಗಿಲ್ಲ, ಬೀದಿಯಿಂದ ನೇರವಾಗಿ ನೆರವು ಸಿಗುತ್ತದೆ. ನೆಲಮಟ್ಟದ ಮನೆಗೆ ಹೆಚ್ಚಿನ ಬಾಡಿಗೆ ಕೊಡುತ್ತಾರೆ. ಬಾಗಿಲು, ಕಕ್ಕಸು, ಇಳಿಜಾರು ಸರಿಮಾಡಿಸುವುದೂ ನೆರವಿನಲ್ಲೇ ಸೇರಿದೆ. ತುರ್ತಿದ್ದರೆ ಸಮಿತಿ ಸೇರುವ ತನಕ ಕಾಯಬೇಕಿಲ್ಲ, ಮೇಡಂ ಸಹಿ ಸಾಕು. ಆಷಾಢದಲ್ಲಿ ಯಾರೂ ಮನೆ ಬದಲಿಸುವುದಿಲ್ಲ, ಮನೆಗಳು ಖಾಲಿ ಇರುತ್ತವೆ, ಓನರ್‌ಗಳು ಮೆತ್ತಗಿರುತ್ತಾರೆ. ನಮ್ಮವರನ್ನು ಸೇರಿಸಲು ಅದಕ್ಕಿಂತ ಒಳ್ಳೆಯ ತಿಂಗಳಿಲ್ಲ ಅನ್ನುವುದನ್ನು ಆಮೇಲೆ ನಾನು ಕೆಲಸದ ಕ್ರಮವನ್ನಾಗಿಯೇ ಮಾಡಿಕೊಂಡೆ. ತರಬೇತಿಯಲ್ಲಿ ನಿಮಗೆ ಇದೆಲ್ಲ ಸಂಸ್ಥೆಯ ದೂರದೃಷ್ಟಿ ಅಂತ ಹೇಳುತ್ತಾರೆ. ದೂರದೃಷ್ಟಿ ಅಲ್ಲ. ಕಣ್ಣ ಮುಂದಿದ್ದದ್ದನ್ನು ಕಾಣುವುದಕ್ಕೆ ಅವರಿಗೆ ಒಂದು ಹೆಂಗಸಿನ ಕಾಲು ಬೇಕಾಯಿತು. ನನಗೂ ಬೇಕಾಯಿತು.

ನಾನು ಕೆಲಸ ಬಿಟ್ಟು ಕೆಲವು ವರ್ಷವಾಯಿತು. ಮೊನ್ನೆ ರಾಜೀವನಗರಕ್ಕೆ ಹೋಗಿದ್ದೆ. ಸಾಕಮ್ಮ ಅದೇ ಮಳಿಗೆಯಲ್ಲಿದ್ದಾಳೆ, ತಗಡಿನ ಬಾಗಿಲು ತೆಗೆದಿಟ್ಟುಕೊಂಡು ನೆಲದ ಮೇಲೆ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಅಂಗೈಯೆಲ್ಲ ಕರಿ ಹಿಟ್ಟು. ಅನ್ವರ್ ಸಾಬ್ ಬಾಡಿಗೆ ಏರಿಸಿದ್ದಾರಂತೆ, ಇಬ್ಬರಿಗೂ ದಿನಾ ಜಗಳವಂತೆ. ಹೇಗಿದ್ದೀಯ ಅಂದೆ. ಬೆಳಕಿಗೆ ಅಡ್ಡ ನಿಂತುಕೋಬೇಡ ಅಂದಳು. ಪಕ್ಕಕ್ಕೆ ಸರಿದು ಕೂತೆ. ಕಡ್ಡಿ ಹೊಸೆಯುತ್ತಲೇ ವಿಷಯ ತೆಗೆದಳು. ಅವಳ ಬತ್ತಿಯನ್ನು ಬೆಟ್ಟದ ಪಾದದ ಅಂಗಡಿಗಳಿಗೆ ಹಾಕುವ ಹೆಂಗಸು ಒಬ್ಬಳಿದ್ದಾಳೆ. ಮೆಟ್ಟಿಲು ಶುರುವಾಗುವ ಕಡೆ ಹೊಸದಾಗಿ ಒಬ್ಬಳು ಬಂದು ಕೂತಿದ್ದಾಳೆ, ನಡೆಯಲಾರಳು, ಪಾದಕ್ಕೆ ಬಟ್ಟೆ ಸುತ್ತಿಕೊಂಡಿದ್ದಾಳೆ, ವಾಸನೆ ಬರುತ್ತಿದೆ ಅಂತ ಆ ಬತ್ತಿ ಹಾಕುವವಳು ಹೇಳಿದಳಂತೆ.

ನಾನೀಗ ಕೆಲಸದಲ್ಲಿಲ್ಲ ಕಣೇ, ಆಫೀಸಿನಲ್ಲಿ ಹೊಸ ಹುಡುಗಿಯರಿದ್ದಾರೆ, ಸೋಮವಾರ ಹೇಳುತ್ತೇನೆ ಅಂದೆ.

ಸಾಕಮ್ಮ ಹೊಸೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

“ಸೋಮವಾರ ಯಾಕೆ. ಅವ್ಳಿಗಿನ್ನೂ ಎರಡು ಕಾಲೂ ಅವೆ. ಈಗ್ಲೇ ಎದ್ದೋಗು.”

ಎದ್ದು ಹೋದೆ.